ಹುಲಿ ಬೀಡಿ ಸೇದುತ್ತಿದ್ದ ಕಾಲ

"ತಲಿ ವಾಲಾಕತ್ತದ, ಹಿಡೀರಿ, ಹಿಡೀರಿ!"

ನೆರೆಮನೆಯ ಭೀಮಬಾಯಿ ಎರಡೂ ಕೈಯಿಂದ ನೀಲಾಬಾಯಿಯ ಗದ್ದವನ್ನು ಎತ್ತಿ ಹಿಡಿದಳು. ಓಣಿಯಲ್ಲಿ ಬಟ್ಟೆ ಹೊಲಿಯುವ ಮಹೆವಿಶ ಹಿಂದಿನಿಂದ ಭುಜಕ್ಕೆ ಕೈ ಕೊಟ್ಟಳು. ಮಣ್ಣು ಮಾಡುವ ಮುನ್ನ ಕಾಲು ಮಡಚಿ ಕೂರಿಸಿದ್ದ ದೇಹದ ಬೆನ್ನಿಗೆ ಆನಿಸಿದ್ದ ಹಲಗೆ ಮತ್ತೆ ಜಾರಿತು.

"ಕಟ್ಟಿಗಿ ತಡಿಯಂಗಿಲ್ಲ. ಶೌಕತಣ್ಣಾ, ಒಂದು ಫರಸಿ ತಗೊಂಡು ಬಾ."

ಶೌಕತ ಅಲಿ ಮನೆಯ ಹಿಂದಿನ ಪಾಲಿಶ್ ಶೆಡ್ಡಿನಿಂದ ಬೂದು ಬಣ್ಣದ ಕಲ್ಲಿನ ಫರಸಿಯೊಂದನ್ನು ಎದೆಗೆ ಒತ್ತಿ ಹಿಡಿದು ತಂದ. ಇಪ್ಪತ್ತು ವರ್ಷ ಆ ಶೆಡ್ಡಿನಲ್ಲಿ ದುಡಿದವನು. ಅಳುತ್ತಿದ್ದರೂ ಕಲ್ಲಿನ ಅಂಚು ಗೋಡೆಗೆ ತಾಗದಂತೆ ಇಳಿಸಿದ. ಕಲ್ಲಿಗೆ ಒರಗಿಸಿದ ಮೇಲೆ ನೀಲಾಬಾಯಿ ನೆಟ್ಟಗೆ ಕೂತಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ.

"ನೋಡ್ರಿ, ಕತಿ ಹೇಳಾಕ ಕುಂತಂಗ ಕುಂತಾಳ," ಎಂದಳು ಭೀಮಬಾಯಿ.

ಪಡಸಾಲೆ ತುಂಬ ಕೂತಿದ್ದ ಹೆಂಗಸರೆಲ್ಲ ಒಮ್ಮೆಗೇ ಮಾತಾಡಿದರು.

"ಅರ್ಧಕ್ಕ ಬಿಟ್ಟು ಹ್ವಾದಳಲ್ಲ."

"ಆ ಮುದುಕಿನ್ನ ಸಮುದ್ರದಾಗ ಮುಳುಗ್ಸಿ ತಾ ಎದ್ದು ನಡದಳು!"

"ಬಂದಳೋ ಇಲ್ಲೋ ಆಕಿ ಮ್ಯಾಲ?"

ನೀಲಾಬಾಯಿ ಹೇಳುತ್ತಿದ್ದ ಕತೆಯ ಮುದುಕಿ ಕೊರಿಯಾ ದೇಶದವಳು. ಅಲ್ಲಿ ಒಂದು ದ್ವೀಪದಲ್ಲಿ ಹೆಂಗಸರೇ ಸಮುದ್ರಕ್ಕಿಳಿದು, ಉಸಿರು ಕಟ್ಟಿ ತಳದ ಚಿಪ್ಪು ಕಿತ್ತು ತರುತ್ತಾರೆ. ಮೇಲೆ ಬಂದಕೂಡಲೇ ಕಟ್ಟಿದ್ದ ಉಸಿರು ಸೀಟಿಯಾಗಿ ಹೊರಬೀಳುತ್ತದೆ. ದಂಡೆಯ ಮೇಲಿದ್ದವರಿಗೆ ಬದುಕಿದ್ದಾರೆಂದು ತಿಳಿಯುವುದು ಆ ಸದ್ದಿನಿಂದ. ಕಾದಂಬರಿಯ ಮುದುಕಿ ಬೇಡವೆಂದರೂ ಕೇಳದೆ ಕೊನೆಯ ಸಲ ಇಳಿದಿದ್ದಳು. ಸೊಸೆ ಬಂಡೆಯ ಮೇಲೆ ಸೀಟಿಗಾಗಿ ಕಿವಿಗೊಟ್ಟು ನಿಂತಿದ್ದಳು. ಅಲ್ಲಿಗೆ ನಿಲ್ಲಿಸಿ ನೀಲಾಬಾಯಿ ಒಂದು ವಾರದಿಂದ ದಿನಾ ಏನಾದರೊಂದು ನೆಪ ಹೇಳಿ ಮುಂದಕ್ಕೆ ಹಾಕುತ್ತಿದ್ದಳು. ನಿನ್ನೆ ಸಂಜೆ ಎದೆ ಹಿಡಿದುಕೊಂಡಳು.

"ಆ ಸೊಸಿಗರೆ ತಿಳಸಬೇಕ್ರವ್ವ," ಎಂದಳು ಮೂಲೆಯಲ್ಲಿದ್ದ ಒಬ್ಬ ಮುದುಕಿ. "ನೀಲಾಬಾಯಿ ಹ್ವಾದಳಂತ ಫೋನ್ ಹಚ್ಚಿರೇನು?"

ಯಾರೂ ನಗಲಿಲ್ಲ. ಮಹೆವಿಶ ಮಾತ್ರ, "ಅಜ್ಜಿ, ಆಕಿ ಪುಸ್ತಕದಾಗಿನಾಕಿ," ಎಂದಳು.

"ಇದ್ದರೇನಾತು? ಎರಡು ತಿಂಗಳ ಈ ಮನ್ಯಾಗೇ ಇದ್ದಳಲ್ಲ."

ಹೊರಗೆ ಭಜನೆಯವರ ನಡುವೆ ಕೂತಿದ್ದ ಮಡಿವಾಳಯ್ಯ ಕೆಮ್ಮಿದ. ನೀಲಾಬಾಯಿಯ ಗಂಡ ಸಂಗಮೇಶ್ವರನಿಗೆ ಅಣ್ಣ. ಅಪ್ಪ ಹೋದ ಮೇಲೆ ತಂದೆಯ ಜಾಗದಲ್ಲಿ ಇದ್ದವನು. "ಸತ್ತ ಮನ್ಯಾಗ ಕೊರಿಯಾ ಗಿರಿಯಾ ಏನು ಹಚ್ಚೀರಿ? ತಾಳ ತಗೀರೋ."

"ಅಯ್ನೋರ, ನಿಮ್ಮವ್ವ ಸತ್ತಾಗ ನೀಲಾಬಾಯಿ ಇಲ್ಲೇ ಕುಂತು ಚಂದ್ರಾಮನೊಳಗಿನ ಮೊಲದ ಕತಿ ಹೇಳಿದ್ದಳು," ಎಂದಳು ಭೀಮಬಾಯಿ. "ಅವತ್ತ ನೀವು ಬಾಗಲ ಹಿಂದ ನಿಂತು ಮುಗಿಯೋತನ ಕೇಳೀರಿ."

"ನಾ ಚಪ್ಪಲಿ ಹುಡುಕಾಕತ್ತಿದ್ದೆ."

"ಕತಿ ಮುಗಿದ ಮ್ಯಾಲ ಸಿಕ್ಕವೇನ್ರಿ?"

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಶೆಡ್ಡಿನ ಹಿಂದೆ ಸಂಗಮೇಶ್ವರ ಬೀಡಿಯನ್ನು ಮುಷ್ಟಿಯೊಳಗೆ ಮುಚ್ಚಿ ಸೇದುತ್ತಿದ್ದ. ಅಣ್ಣನ ಕಣ್ಣಿಗೆ ಬೀಳದಂತೆ ಸೇದಿ ಸೇದಿ ಅವನ ಅಂಗೈ ಹಳದಿಯಾಗಿತ್ತು. ಶೌಕತ ಬಂದು ಪಕ್ಕದಲ್ಲಿ ನಿಂತ.

"ಕೇಳಾಕತ್ತಾರ, ಮುದುಕಿ ಬಂದಳೋ ಇಲ್ಲೋ ಅಂತ."

"ನನಗೇನು ಗೊತ್ತು?"

"ಸಂಗಣ್ಣಾ, ದಿನಾ ಮಷಿನ್ ಬಂದ ಮಾಡಿ, ಶಟರ್ ಎಳಕೊಂಡು ನೀಲಾ ವೈನಿ ಮುಂದ ನೀ ಏನು ಮಾಡತಿದ್ದಿ ಅಂತ ನನಗ ಗೊತ್ತಿಲ್ಲೇನು? ಶಟರಿನ ಈ ಕಡಿ ನಾನೂ ಕುಂದ್ರತಿದ್ದೆ."

ಸಂಗಮೇಶ್ವರನ ಬೀಡಿ ಆರಿತು.

"ಕಡೀ ದಿನ ಮಾತ್ರ ನಾ ಚಿತ್ತಾಪುರಕ್ಕ ಲಗ್ನಕ್ಕ ಹೋಗಿದ್ದೆ," ಎಂದ ಶೌಕತ. "ನನಗರೆ ಹೇಳಪ್ಪ. ಬಂದಳೇನು?"

*

ಮೊದಲ ಪುಸ್ತಕ ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ ಸಿಕ್ಕಿತ್ತು. ನೀಲಾಬಾಯಿ ಆಗ ಹೊಸ ಮದುವಣಗಿತ್ತಿ. ಗಂಡನೊಡನೆ ತವರುಮನೆ ಕುರಕುಂಟಾಕ್ಕೆ ಹೊರಟಿದ್ದಳು. ಪ್ಯಾಸೆಂಜರ್ ಹೊತ್ತಿಗೆ ಬರಲಿಲ್ಲ. ಯಾರೋ ಬಿಟ್ಟುಹೋಗಿದ್ದ, ರಟ್ಟು ಕಿತ್ತ ಪುಸ್ತಕವನ್ನು ಕೈಗೆತ್ತಿಕೊಂಡಳು. ಪುಟ ತುಂಬ ಹಿಮ ಬೀಳುವ ಜಪಾನಿನ ಕಾದಂಬರಿ, ಕನ್ನಡಕ್ಕೆ ಬಂದದ್ದು. ಗಾಡಿ ಬಂದಾಗ ಸಂಗಮೇಶ್ವರ ಅವಳನ್ನು ಮೂರು ಸಲ ಕರೆಯಬೇಕಾಯಿತು.

"ಹಿಮ ಅಂದ್ರ ಹ್ಯಾಂಗಿರತದ್ರಿ?" ಶಹಾಬಾದಕ್ಕೆ ಮರಳಿದ ಮೇಲೆ ಕೇಳಿದಳು.

ಅವನು ಸುತ್ತ ನೋಡಿದ. ಕಲ್ಲು ಕೊಯ್ಯುವ ಮಷಿನ್ನಿನ ಪಕ್ಕದ ಬೇವಿನಮರ ಬುಡದಿಂದ ತುದಿಯವರೆಗೆ ಬಿಳಿ ಹುಡಿ ಹೊತ್ತು ನಿಂತಿತ್ತು. "ಹಿಂಗ. ಆದ್ರ ತಣ್ಣಗ."

ಅವತ್ತಿನಿಂದ ಅವಳಿಗೆ ಅಂಗಳ ಗುಡಿಸುವುದು ಬೇಸರವಾಗಲಿಲ್ಲ.

ಆಮೇಲೆ ಚೀನಾದ ಜನಪದ ಕತೆಗಳು ಬಂದವು, ಹೆಣ್ಣಾಗಿ ಸಂಸಾರ ಹೂಡುವ ನರಿಗಳು ಬಂದವು. ಕಲಬುರಗಿಯ ಪುಸ್ತಕದಂಗಡಿಯಿಂದ, ಮಹೆವಿಶಳ ಫೋನಿನಿಂದ ತರಿಸಿದ ಪಾರ್ಸಲ್ಲಿನಿಂದ ಒಂದೊಂದೇ ದೇಶ ಮನೆಗೆ ಬಂತು. ಅನ್ನದಲ್ಲಿ ಚಮಚವನ್ನು ನೆಟ್ಟಗೆ ಚುಚ್ಚಿದರೆ ಗದರುವಳು: "ತಗೀರಿ, ಕೊರಿಯಾದಾಗ ಅದು ಸತ್ತವರ ಎಡಿ." ಒಮ್ಮೆ ಪುಸ್ತಕ ಮುಚ್ಚಿ ಹೇಳಿದ್ದಳು: "ಅಲ್ಲೂ ಸೊಸಿ ಕಡೀಗೇ ಉಣತಾಳ್ರಿ."

ಓಣಿಯಲ್ಲಿ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಬುತ್ತಿ ಕಟ್ಟಿಕೊಂಡು ಹೋಗಬೇಕು. ನೀಲಾಬಾಯಿ ರೊಟ್ಟಿಯ ಜೊತೆಗೆ ಒಂದು ಕತೆಯನ್ನೂ ಒಯ್ಯುತ್ತಿದ್ದಳು. ಅತ್ತು ಸುಸ್ತಾದವರು ಮೊದಲು ಕತೆ ಕೇಳಿ, ಆಮೇಲೆ ರೊಟ್ಟಿ ಮುರಿಯುತ್ತಿದ್ದರು. ಬರಬರುತ್ತ ಸಾವಿಗೇ ಯಾಕೆ ಕಾಯಬೇಕೆಂದು ಹೆಂಗಸರು ಸಂಜೆ ಅವಳ ಪಡಸಾಲೆಗೇ ಬಂದು ಕೂತರು.

ಕೊರಿಯಾದವರು ಹಳೆಯ ಕತೆಗಳನ್ನು 'ಹುಲಿ ಚಿಲುಮೆ ಸೇದುತ್ತಿದ್ದ ಕಾಲದಲ್ಲಿ' ಎಂದು ಶುರುಮಾಡುತ್ತಾರೆಂದು ಅವಳು ಓದಿದ್ದಳು. ಅದು ಅವಳಿಗೆ ಎಷ್ಟು ಹಿಡಿಸಿತೆಂದರೆ ಯಾವ ದೇಶದ ಕತೆಗೂ ಅದೇ ಬಾಗಿಲು. ಚಿಲುಮೆ ಮಾತ್ರ ಬದಲಾಯಿತು. "ಹುಲಿ ಬೀಡಿ ಸೇದತಿದ್ದ ಕಾಲದಾಗ..." ಎನ್ನುತ್ತಲೇ ಹೆಂಗಸರೆಲ್ಲ ಶೆಡ್ಡಿನ ಕಡೆ ನೋಡಿ ನಗುತ್ತಿದ್ದರು.

"ಆಯ್ತು ನಿನ್ನ ಚೀನಾ ಪುರಾಣ?" ಎಂದು ಸಂಗಮೇಶ್ವರ ಅಲ್ಲಿಂದಲೇ ಗೊಣಗುತ್ತಿದ್ದ. ಹಾಗೆ ಗೊಣಗದಿದ್ದರೆ ಅಣ್ಣ ಏನೆಂದುಕೊಂಡಾನು?

*

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ತಿಂದದ್ದು ಓಣಿಗೆ ಗೊತ್ತಿರಲಿಲ್ಲ. ಮುಖ, ಬಾಗಿಲು, ಬೇವಿನಮರ ಕಾಣುತ್ತಿದ್ದವು. ಅಕ್ಷರ ಕಾಣುತ್ತಿರಲಿಲ್ಲ.

"ನೀವು ಓದ್ರಿ," ಎಂದಳು ಗಂಡನಿಗೆ.

"ನಾನು? ಕಾದಂಬರಿ?"

"ಮತ್ಯಾರು, ಹುಲಿ?"

ಶಟರ್ ಎಳೆದು, ಕಲ್ಲಿನ ಅಟ್ಟಿಯ ಮೇಲೆ ಕೂತು, ಕರೆಂಟ್ ಬಿಲ್ ಓದುವವನಂತೆ ಶುರುಮಾಡಿದ. ತಿಂಗಳು ಕಳೆಯುವುದರೊಳಗೆ ಗಂಡಸಿಗೆ ಒಂದು ದನಿ, ಹೆಂಗಸಿಗೆ ಒಂದು ದನಿ ತೆಗೆಯತೊಡಗಿದ. ಊಟಕ್ಕೆ ಹೊತ್ತಾಯಿತೆಂದು ಅವಳು ಎದ್ದರೆ, "ತಡಿ, ಈ ಅಧ್ಯಾಯ ಮುಗೀಲಿ," ಎನ್ನುವ ಮಟ್ಟಕ್ಕೆ ಬಂದ.

"ಅಣ್ಣಗ ಗೊತ್ತಾಗಬಾರದು ನೋಡು," ಎಂದು ಮಾತ್ರ ದಿನಾ ಹೇಳುತ್ತಿದ್ದ.

"ಬೀಡಿನೂ ಗೊತ್ತಾಗಬಾರದು, ಕತಿನೂ ಗೊತ್ತಾಗಬಾರದು. ಅಣ್ಣಗ ಗೊತ್ತಿರೋದರೆ ಏನ್ರಿ?"

ಈಗ ಕೊರಿಯಾದ ಕಾದಂಬರಿಯ ಕೊನೆಯ ಪುಟ ಓದಿದ ದಿನ ಅವಳು ಚಪ್ಪಾಳೆ ತಟ್ಟಿದಳು. ಆಮೇಲೆ ಮುದುಕಿಯ ಸೀಟಿ ಹೊಡೆಯಲು ನೋಡಿದಳು. ಮುಂದಿನ ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬಂತು. ಇಬ್ಬರೂ ನಕ್ಕರು.

"ಆ ಜಾಗಾ ಬಂದಾಗ ನೀವೇ ಹೊಡೀಬೇಕು. ಪಡಸಾಲಿಗಿ ಬಂದು, ಎಲ್ಲಾರ ಮುಂದ."

"ಹುಚ್ಚಿ! ಮಂದಿ ಏನಂದಾರು?"

"ಸರಿ. ನೀವು ಹೂಂ ಅನ್ನೋತನ ಮುದುಕಿ ನೀರಾಗೇ ಇರತಾಳ."

ಒಂದು ವಾರ ಅವನು ಹೂಂ ಅನ್ನಲಿಲ್ಲ.

*

ಮಗಳು ಶಿವರಂಜನಿ ಸೊಲ್ಲಾಪುರದಿಂದ ಬರುತ್ತಿದ್ದ ಗಾಡಿ ಗಾಣಗಾಪುರ ಬಿಟ್ಟಿತೆಂದು ಫೋನ್ ಬಂತು. ಅವಳು ಬಂದೊಡನೆ ಎತ್ತಬೇಕು. ಅಂಗಳದಲ್ಲಿ ಹೆಣ ಹೊರುವ, ಬಾಳೆಕಂಬ ಕಟ್ಟಿದ ವಿಮಾನ ಸಿದ್ಧವಾಗಿತ್ತು. ಮಡಿವಾಳಯ್ಯ ತಾಳಕ್ಕೆ ಕೈ ಹಾಕಿದ.

ಸಂಗಮೇಶ್ವರ ನಲ್ಲಿಯ ಬಳಿ ಬಾಯಿ ಮುಕ್ಕಳಿಸಲು ನೀರು ತುಂಬಿಕೊಂಡ; ಮನೆಯೊಳಗೆ ಹೋಗುವ ಮುಂಚೆ ದಿನಾ ಮಾಡುವ ಕೆಲಸ. ಅರ್ಧಕ್ಕೆ ಉಗಿದು ಹಾಗೇ ಒಳಗೆ ನಡೆದ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೆಂಡತಿಯ ಪಕ್ಕ, ಅದೇ ಫರಸಿಗೆ ಒರಗಿ ಕೂತ.

"ಹುಲಿ ಬೀಡಿ ಸೇದತಿದ್ದ ಕಾಲದಾಗ," ಎಂದ. "ಕೊರಿಯಾ ದೇಶದಾಗ ಒಬ್ಬ ಮುದುಕಿ ಸಮುದ್ರಕ್ಕ ಜಿಗಿದಿದ್ದಳು."

ಮಹೆವಿಶ ಅವನನ್ನೂ ನೀಲಾಬಾಯಿಯನ್ನೂ ನೋಡಿದಳು. "ಕಾಕಾ, ನಿಮಗ ಹ್ಯಾಂಗ ಗೊತ್ತು?"

"ಓದಿದಾವ ನಾನು. ಆಕಿಗಿ ಅಕ್ಷರ ಕಾಣತಿರಲಿಲ್ಲ. ಎರಡು ವರ್ಷದ ಕತಿ ಎಲ್ಲಾ ನಾನೇ ಓದೀನಿ."

ಹೊರಗೆ ತಾಳ ನಿಂತಿತು. ಮಡಿವಾಳಯ್ಯ ಬಾಗಿಲಿಗೆ ಬಂದ. "ಸಂಗ್ಯಾ, ಏನಿದು? ಸತ್ತ ಹೆಣ್ತಿ ಮುಂದ ಕುಂತು?"

ಸಂಗಮೇಶ್ವರನ ಕೈ ಅಭ್ಯಾಸದಂತೆ ಮುಷ್ಟಿಯಾಯಿತು. ಅದರಲ್ಲಿ ಬೀಡಿ ಇರಲಿಲ್ಲ. ಅವನು ಬೆರಳು ಬಿಡಿಸಿ ತೊಡೆಯ ಮೇಲಿಟ್ಟ.

"ಅಣ್ಣಾ, ಕುಂದ್ರು. ಕತಿ ಸುರು ಆಗ್ಯಾದ."

ಅಣ್ಣನಿಗೆ ಅವನು ಹೀಗೆ ಎಂದೂ ಹೇಳಿರಲಿಲ್ಲ. ಮಡಿವಾಳಯ್ಯ ಕೂರಲಿಲ್ಲ, ಹೋಗಲೂ ಇಲ್ಲ.

"ನೀರೊಳಗ ಕತ್ತಲ," ಎಂದ ಸಂಗಮೇಶ್ವರ. "ನಮ್ಮ ಖಣಿ ಒಳಗಿನ ನೀರಿನಂಗ ಕತ್ತಲ. ಮುದುಕಿ ಕೈಯಾಡಸ್ತಾಳ. ಕಲ್ಲು, ಬರೀ ಕಲ್ಲು. ದಂಡಿ ಮ್ಯಾಲಿನ ಮಂದಿ ಸೊಸಿಗಿ ಅಂತಾರ, ನಡಿಯವ್ವ, ಭಾಳ ಹೊತ್ತಾತು, ಇನ್ನ ಆಕಿ ಬರಂಗಿಲ್ಲ. ಸೊಸಿ ಅಂತಾಳ, ನಾ ಬರಂಗಿಲ್ಲ, ನನ್ನತ್ತಿ ಉಸರು ನನಗ ಗೊತ್ತದ. ಮಂದಿ ತಿರುಗಿ ನಡೀತಾರ. ನಾಕ ಹೆಜ್ಜಿ ಇಟ್ಟಾರ, ಇಲ್ಲ..."

ಅವನು ನಿಲ್ಲಿಸಿದ. ತುಟಿ ಒಣಗಿತ್ತು. ನಾಲಗೆಯಿಂದ ಸವರಿಕೊಂಡ. ಹೆಂಡತಿಯ ಮುಖವನ್ನೊಮ್ಮೆ ನೋಡಿ, "ಹೂಂ," ಎಂದ, ಅವಳಿಗೆ ಮಾತ್ರ ಎಂಬಂತೆ.

ಆಮೇಲೆ ಸೀಟಿ ಹೊಡೆದ.

ತೆಳ್ಳಗೆ, ಉದ್ದಕ್ಕೆ, ಮೇಲಕ್ಕೆ ಏರುತ್ತ ಹೋದ ಸೀಟಿ. ಪಡಸಾಲೆ ದಾಟಿ, ಅಂಗಳದ ವಿಮಾನ ದಾಟಿ ಹೋಯಿತು. ಬೇವಿನಮರದ ಕಾಗೆಗಳು ಎದ್ದವು. ಬೀದಿಯಲ್ಲಿ ಹೋಗುತ್ತಿದ್ದ ಕಲ್ಲಿನ ಟ್ರ್ಯಾಕ್ಟರಿನವನು ತನ್ನನ್ನೇ ಕರೆದರೆಂದು ಬ್ರೇಕ್ ಹಾಕಿದ.

"ಬಂದಳು!" ಭೀಮಬಾಯಿ ಮಂಡಿಯ ಮೇಲೆ ಎದ್ದಳು. "ಯವ್ವಾ, ಮುದುಕಿ ಮ್ಯಾಲ ಬಂದಳು!"

"ಖರೇನೇ ಬಂದಳೇನು?" ಎಂದು ಮೂಲೆಯ ಅಜ್ಜಿ ಕೇಳಿದಳು.

"ಎರಡೂ ಕೈತುಂಬ ಚಿಪ್ಪು ಹಿಡಕೊಂಡು ಬಂದಳು," ಎಂದ ಸಂಗಮೇಶ್ವರ.

ಬೆಳಗಿನಿಂದ ಅತ್ತಿದ್ದವರು ನಕ್ಕರು, ನಗುತ್ತಲೇ ಮತ್ತೆ ಅತ್ತರು. ಮಹೆವಿಶ ಚಪ್ಪಾಳೆ ಹೊಡೆದಳು. ಸಾವಿನ ಮನೆಯೆಂಬುದು ನೆನಪಾಗಿ ನಿಲ್ಲಿಸಿದಳು. ಆದರೆ ಅಷ್ಟರಲ್ಲಿ ಎಲ್ಲರೂ ಹೊಡೆಯುತ್ತಿದ್ದರು. ಭಜನೆಯವನೊಬ್ಬ ತಡೆಯಲಾಗದೆ ಒಂದು ಸಲ ತಾಳ ತಟ್ಟಿದ. ಕಿಟಕಿಯ ಆಚೆ ಶೌಕತ ಟವಲಿನಲ್ಲಿ ಮುಖ ಮುಚ್ಚಿಕೊಂಡು, "ಶಾಬ್ಬಾಸ್, ಮುದುಕಿ," ಎಂದ.

"ಸಂಗಣ್ಣಾ," ಭೀಮಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಳಿ ಸಂಜಿಗಿ ಬುತ್ತಿ ನಾವು ತರತೀವಿ. ಕತಿ ಯಾವುದು?"

ಮಡಿವಾಳಯ್ಯ ಬಾಗಿಲಲ್ಲೇ ನಿಂತಿದ್ದ. ಕಿಟಕಿಯ ಕಡೆ ಹೋಗಿ ಶೌಕತನ ಮುಂದೆ ಕೈ ಚಾಚಿದ. ಶೌಕತನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಜೇಬಿನಿಂದ ಕಟ್ಟು ತೆಗೆದು ಒಂದು ಬೀಡಿ ಕೊಟ್ಟ. ಮಡಿವಾಳಯ್ಯ ಅದನ್ನು ವಿಭೂತಿ ಹಿಡಿದಂತೆ ಮೂರು ಬೆರಳಲ್ಲಿ ಹಿಡಿದು ಹೆಂಗಸರ ನಡುವೆ ಬಂದು ತಮ್ಮನ ಮುಂದೆ ಕೂತ.

"ತಗೋ. ಅಂಗಳಕ್ಕ ನಡಿ, ನನ್ನ ಮುಂದೇ ಸೇದು. ಇಷ್ಟ ವರ್ಷ ನನಗ ಮೂಗಿಲ್ಲಂತ ತಿಳಕೊಂಡಿದ್ದಿಯೇನು?"

ಸಂಗಮೇಶ್ವರ ಬೀಡಿಯನ್ನು ನೋಡಿದ, ಅಣ್ಣನ ಮುಖವನ್ನು ನೋಡಿದ.

"ಒಲ್ಲೆ," ಎಂದ. "ನಾಳಿಗಿ ಉಸರು ಬೇಕು."