ಬದುವಿನ ಮರದ ಕಾಯಿ

ಒಂದೂರಲ್ಲಿ ಒಂದು ತೆಂಗಿನಮರವಿತ್ತಂತೆ. ಅದಕ್ಕೆ ಒಡೆಯರು ಇಬ್ಬರು, ಕಾಯಿ ಕೀಳುವವರು ಮಾತ್ರ ಯಾರೂ ಇಲ್ಲ. ಊರು ನುಗ್ಗೇಹಳ್ಳಿ, ಮರ ನಿಂತದ್ದು ಬೋರಪ್ಪನ ತೋಟಕ್ಕೂ ಚೆನ್ನಯ್ಯನ ತೋಟಕ್ಕೂ ನಡುವಣ ಬದುವಿನಲ್ಲಿ.

ಆ ಮರದಡಿಗೆ ಅರವತ್ತಮೂರನೇ ಇಸವಿಯ ಮಾಗಿಯಲ್ಲಿ ಹಾಸನದ ಕಾಲೇಜಿನ ಮೇಷ್ಟ್ರಮ್ಮ ಚೂಡಾಮಣಿ ಬಂದಳು. ಬಸ್ಸಿನ ಧೂಳು ಮೈಮೇಲೆ, ಕನಸು ಕಣ್ಣೊಳಗೆ. ಜಗಳಗಳು ಹೇಗೆ ಹುಟ್ಟುತ್ತವೆ, ಹೇಗೆ ಆರುತ್ತವೆ ಎಂದು ಅಭ್ಯಾಸ ಮಾಡುವ ಶಾಂತಿ ಸಂಶೋಧನಾ ಕೇಂದ್ರವೊಂದು ಕಾಲೇಜಿನಲ್ಲಿ ಆಗಬೇಕೆಂಬುದು ಅವಳ ಆಸೆ. ವಿಶ್ವವಿದ್ಯಾಲಯವೇನೋ ಒಪ್ಪಿತ್ತು, ಆದರೆ ವರ್ಷಾವರ್ಷದ ಖರ್ಚನ್ನು ಜಿಲ್ಲೆಯ ಜನವೇ ಹೊರಬೇಕೆಂದಿತ್ತು.

"ಶಿವರಾತ್ರಿಯೊಳಗೆ ದಾರಿ ತೋರಿಸ್ತೀನಿ ಸಾರ್" ಎಂದು ಅವಳು ಪ್ರಿನ್ಸಿಪಾಲ್ ವೆಂಕಟರಾಮಯ್ಯನವರಿಗೆ ಮಾತು ಕೊಟ್ಟಿದ್ದಳು.

"ಆಗದಿದ್ರೆ ಕೇಂದ್ರಕ್ಕೆ ಅಂತ ಇಟ್ಟಿರೋ ಕೋಣೇಲಿ ಸೈಕಲ್ ನಿಲ್ಲಿಸ್ತೀನಮ್ಮ" ಎಂದಿದ್ದರು ಅವರು.

ಚಂದಾಕ್ಕೆಂದು ಊರೂರು ಅಲೆದಳು. ಹೊಳೆನರಸೀಪುರದವರು ಕಾಫಿ ಕೊಟ್ಟರು, ಅರಕಲಗೂಡಿನವರು ಹಾರ ಹಾಕಿದರು. ಚಂದಾ ಮಾತ್ರ ಹುಟ್ಟಲಿಲ್ಲ.

ಬೋರಪ್ಪನೂ ತಲೆ ಕೆರೆದುಕೊಂಡ. "ಎಲ್ಲೋ ಯುದ್ಧ ಆದ್ರೆ ನಾವ್ಯಾಕವ್ವಾ ಚಂದಾ ಎತ್ಬೇಕು?"

ಅಷ್ಟರಲ್ಲಿ ಒಣಗಿದ ಕಾಯೊಂದು ದೊಪ್ಪನೆ ಬಿತ್ತು. ಆಚೆ ತೋಟದಿಂದ ಚೆನ್ನಯ್ಯ ಓಡಿಬಂದ. "ಮುಟ್ಲಾ ನೋಡಾನ!"

"ನೀನ್ ಮುಟ್ಲಾ!" ಎಂದ ಬೋರಪ್ಪ.

ಇಬ್ಬರೂ ಮುಟ್ಟಲಿಲ್ಲ. ಅಪ್ಪಂದಿರ ಕಾಲದ ವ್ಯಾಜ್ಯ ಅದು. ಬಿದ್ದ ಕಾಯಿಗಳು ಬುಡದಲ್ಲೇ ಮೊಳೆತು ಸಣ್ಣ ಕಾಡಾಗಿದ್ದವು. ಚೂಡಾಮಣಿ ಬಗ್ಗಿ ಕಾಯಿ ಎತ್ತಿಕೊಂಡಳು.

"ದೇವರ ಹೆಸರಿಗೆ ಮರ ಬಿಡ್ತೀರಲ್ಲ, ಹಂಗೆ ಈ ಮರಾನ ನಮ್ಮ ಕೇಂದ್ರಕ್ಕೆ ಬಿಟ್ಟುಬಿಡಿ."

"ಅವನಿಗೆ ಸಿಗಾಕಿಲ್ಲ ತಾನೆ?" ಬೋರಪ್ಪ ಕೇಳಿದ.

"ಇವನಿಗೂ ಸಿಗಾಕಿಲ್ಲ ತಾನೆ?" ಚೆನ್ನಯ್ಯ ಕೇಳಿದ.

"ಇಬ್ಬರಿಗೂ ಇಲ್ಲ."

"ಅಂಗಾದ್ರೆ ತಕ್ಕಳಿ!" ಎಂದರು ಇಬ್ಬರೂ, ಜನ್ಮದಲ್ಲಿ ಮೊದಲ ಸಲ ಒಂದೇ ಬಾಯಲ್ಲಿ.

ಸುದ್ದಿ ಚನ್ನರಾಯಪಟ್ಟಣದ ಸಂತೆಗೆ ಹೋಯಿತು, ಅಲ್ಲಿಂದ ಊರೂರಿಗೆ. ಬದುವಿನ ಜಗಳವಿಲ್ಲದ ಊರುಂಟೆ? ಹೊಳೆನರಸೀಪುರದ ಕಡೆಯ ಹುಣಿಸೆ, ಅರಕಲಗೂಡಿನ ಹಲಸು, ಅಣ್ಣತಮ್ಮಂದಿರು ಮಾತುಬಿಟ್ಟ ಮಾವು, ಎಲ್ಲ ಕೇಂದ್ರದ ಹೆಸರಿಗೆ ಬಂದವು.

ಶಿವರಾತ್ರಿಯ ಹಿಂದಿನ ದಿನ ಕಾಲೇಜಿನ ಮುಂದೆ ಕಾಯಿ ತುಂಬಿದ ಲಾರಿ ನಿಂತಿತು. ಮೇಲೆ ಆ ತುದಿಗೆ ಬೋರಪ್ಪ, ಈ ತುದಿಗೆ ಚೆನ್ನಯ್ಯ.

"ಇವನೊಬ್ನೇ ಬಂದಿದ್ರೆ ದಾರೀಲೇ ಇಳಿಸ್ಕತ್ತಿದ್ದ ಕಣವ್ವಾ" ಎಂದ ಚೆನ್ನಯ್ಯ.

ವೆಂಕಟರಾಮಯ್ಯನವರು ಹೊರಬಂದರು. "ಇದೇನಮ್ಮಾ, ಕಾಲೇಜೋ ಮಂಡಿಯೋ?"

"ಜಗಳ ಇರೋವರೆಗೂ ವರ್ಷಾವರ್ಷ ಬರುತ್ತೆ ಸಾರ್."

"ರಾಜಿಯಾದ್ರೆ?"

"ರಾಜಿಯಾದ್ರೆ ಕೇಂದ್ರದ ಕೆಲಸ ಆದಂಗೆ."

ಅವರು ನಕ್ಕು, ಕೋಟಿನ ಜೇಬಿನಿಂದ ಆ ಕೋಣೆಯ ಕೀಲಿಕೈ ತೆಗೆದುಕೊಟ್ಟರು. ಬೀಗ ತುಕ್ಕು ಹಿಡಿದಿತ್ತು. ಬೋರಪ್ಪ ಬೀಗ ಒತ್ತಿ ಹಿಡಿದ. ಚೂಡಾಮಣಿ ಕೀಲಿ ತಿರುವಿದಳು. "ಸರಿಯಾಗಿ ಇಡ್ಕಳ್ಲಾ" ಎಂದು ಚೆನ್ನಯ್ಯ ಗದರಿದ. ಬಾಗಿಲು ತೆರೆಯಿತು.