ವಾಸಿಯಾದ ಹೃದಯದ ಮಾತ್ರೆ

ಹೊಸ ಕ್ಯಾನ್ಸರ್ ಮಾತ್ರೆ ಶುರುವಾದ ಹತ್ತನೇ ದಿನ ರೋಗಿಯ ಮನೆಗೆ ಫೋನ್ ಮಾಡುವುದು ನಮ್ಮ ಆಸ್ಪತ್ರೆಯ ಔಷಧ ವಿಭಾಗದ ಪದ್ಧತಿ. ಬಾಯಿ ಜೋರು ಅಂತ ಆ ಕೆಲಸಕ್ಕೆ ನನ್ನನ್ನೇ ಆರಿಸಿದ್ದಾರೆ. ಮೆತ್ತಗೆ ಕೇಳಿದರೆ ಎಲ್ಲರೂ ‘ಚೆನ್ನಾಗಿದ್ದೀವಿ’ ಅಂದು ಫೋನ್ ಇಟ್ಟುಬಿಡುತ್ತಾರೆ.

ಅವತ್ತು ಬೆಳಿಗ್ಗೆ ಡ್ರೈವರ್ ಯಜಮಾನರ ಸರದಿ. ಮೂವತ್ತು ವರ್ಷ ಬಸ್ಸು ಓಡಿಸಿದವರು, ಈಗ ಕರುಳಿನ ಕ್ಯಾನ್ಸರ್. ಫೋನ್ ಎತ್ತಿದ್ದು ಅವರ ಹೆಂಡತಿ.

“ವಾಂತಿ ಇಲ್ಲ, ಭೇದಿ ಇಲ್ಲ ಕಣಮ್ಮ. ವಸಡಲ್ಲಿ ಸ್ವಲ್ಪ ರಕ್ತ, ಅಷ್ಟೇ. ಹುಳುಕು ಹಲ್ಲಿಂದ ಇರ್ಬೇಕು, ಕೀಳಿಸ್ಕೊಂಡು ಬರ್ತೀನಿ ಅಂತ ಹೋದ್ರು.”

“ಮೈಮೇಲೆ ಎಲ್ಲಾದ್ರೂ ನೀಲಿ ಕಲೆ?”

“ತೊಡೆ ಮೇಲಿದೆ. ಮಂಚ ತಗುಲಿರಬೇಕು ಅಂದ್ರು.”

ಮಾತ್ರೆ ಕೊಟ್ಟ ದಿನ ಇವರನ್ನೇ ಕೇಳಿ ನಾನು ಬರೆದ ಕಡತ ತೆರೆದರೆ ಸಕ್ಕರೆ ಕಾಯಿಲೆ ಮಾತ್ರೆ, ಬಿಪಿ ಮಾತ್ರೆ ಅಷ್ಟೇ, ಕೆಳಗೆ ನನ್ನ ಸಹಿ. “ರಕ್ತ ತೆಳುವಾಗೋಕೆ ಏನಾದ್ರೂ ತಗೋತಾರಾ?”

“ಹೂಂ, ಎಂಟು ವರ್ಷದಿಂದ. ಎದೆಯೊಳಗೆ ಲೋಹದ ವಾಲ್ವ್ ಹಾಕಿದಾರಲ್ಲ.”

“ಅಯ್ಯೋ, ಹೇಳೋದಲ್ವಾ ಅಮ್ಮಾ!”

“ಹಾರ್ಟ್ ವಾಸಿಯಾಗಿದೆಯಲ್ಲ… ಅದೀಗ ಕಾಯಿಲೆನಾ?”

ಆ ಮಾತ್ರೆಯೂ ಈ ಕ್ಯಾನ್ಸರ್ ಮಾತ್ರೆಯೂ ಒಟ್ಟಿಗೆ ಸೇರಿದರೆ ರಕ್ತ ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ. ಹಲ್ಲು ಕಿತ್ತರೆ ನಿಲ್ಲುವುದಿಲ್ಲ.

“ಯಾವ ಡಾಕ್ಟ್ರು? ಯಜಮಾನರ ಫೋನ್ ನಂಬರ್ ಕೊಡಿ!”

“ಅವರ ಫೋನಲ್ಲೇ ಮಾತಾಡ್ತಿದೀನಲ್ಲಮ್ಮ. ಡಾಕ್ಟ್ರ ಹೆಸರು ಗೊತ್ತಿಲ್ಲ. ಬಸ್ ಡಿಪೋ ಎದುರು, ಟೈಲರ್ ಅಂಗಡಿ ಮೇಲೆ.”

ಪಕ್ಕದ ಮೇಜಿನ ಹಿರಿಯ ಔಷಧಜ್ಞ, ಮಾತು ತೂಗಿ ಆಡುತ್ತಾರೆ ಅಂತ ನಾವೆಲ್ಲ ತೂಕದಣ್ಣ ಅನ್ನುವವರು, ಕಂಪ್ಯೂಟರಲ್ಲಿ ನಂಬರ್ ಹುಡುಕಿದರು. ಹಲ್ಲಿನ ಡಾಕ್ಟರ ಫೋನ್ ಬ್ಯುಸಿ. ಮತ್ತೆ ಬ್ಯುಸಿ. ಮೂರನೇ ಸಲ ನಾನು ಮೇಜು ಗುದ್ದಿದೆ.

“ಕೆಳಗಿನ ಟೈಲರ್ ನಂಬರೂ ಇದೆ, ಅವನಿಗೆ ಮಾಡು,” ಎಂದರು ತೂಕದಣ್ಣ.

“ಶುಕ್ರವಾರ ಖಂಡಿತ ಹೊಲಿದು ಕೊಡ್ತೀನಿ ಮೇಡಂ,” ಅಂತಲೇ ಫೋನ್ ಎತ್ತಿದ ಟೈಲರ್.

“ನಿನ್ನ ಹೊಲಿಗೆ ಮನೆ ಹಾಳಾಗ! ಮೇಲೆ ಓಡಪ್ಪಾ, ಹಲ್ಲು ಕೀಳಬೇಡಿ ಅನ್ನು. ಪ್ರಾಣದ ವಿಷಯ!”

ಪುಣ್ಯಾತ್ಮ ಎದುರು ಮಾತಾಡಲಿಲ್ಲ. ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದು ಫೋನಲ್ಲಿ ಕೇಳುತ್ತಿತ್ತು. ಬಾಗಿಲು ಬಡಿದ, ಯಾರೋ ಗದರಿದರು. ಆಮೇಲೆ ಡಾಕ್ಟರ ದನಿ: “ಇಂಜೆಕ್ಷನ್ ಕೊಟ್ಟಾಯ್ತು, ಕೀಳೋದೊಂದೇ ಬಾಕಿ. ಯಾರ್ರೀ ನೀವು?”

“ಮೊದಲು ಇಕ್ಕಳ ಕೆಳಗಿಡಿ, ಆಮೇಲೆ ಹೇಳ್ತೀನಿ.”

ಅರ್ಧ ಗಂಟೆಯಲ್ಲಿ ಯಜಮಾನರು ನಮ್ಮ ಆಸ್ಪತ್ರೆಯಲ್ಲಿದ್ದರು, ಒಂದು ಕೆನ್ನೆ ಜೋಮುಹಿಡಿದು, ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ರಕ್ತ ಜಿನುಗುತ್ತಾ. ರಕ್ತಪರೀಕ್ಷೆಯಲ್ಲಿ, ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ, ಮೂರಿರಬೇಕಾದ ಅಂಕಿ ಒಂಬತ್ತಿತ್ತು. ಇಳಿಸದಿದ್ದರೆ ರಕ್ತಸ್ರಾವ; ತೀರಾ ಇಳಿಸಿದರೆ ವಾಲ್ವ್‌ನಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಅತ್ತ ದರಿ, ಇತ್ತ ಪುಲಿ. ಕ್ಯಾನ್ಸರ್ ಡಾಕ್ಟರು, ಹೃದಯದ ಡಾಕ್ಟರು, ನಾವಿಬ್ಬರು ಸೇರಿ ಗಂಟೆಗಟ್ಟಲೆ ಡೋಸ್ ಲೆಕ್ಕ ಹಾಕಿದೆವು. ಮರುದಿನ ಮಧ್ಯಾಹ್ನ ಅಂಕಿ ನಾಲ್ಕಕ್ಕಿಳಿಯಿತು. ಯಜಮಾನರು ಹಸಿವು ಅಂದಾಗ ನನಗೂ ಹಸಿವಾಯಿತು.

ವಾರ್ಡಿನ ಹೊರಗೆ ಯಜಮಾನರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಕಣ್ಣು ಊದಿಕೊಂಡಿತ್ತು. “ನಂದೇ ತಪ್ಪು ಕಣಮ್ಮ. ಮಾತ್ರೆ ಕೊಡೋವಾಗ ನೀವು ಕೇಳಿದ್ರೂ ಹೇಳ್ಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿ, ಕೈಯಾರೆ ಕೊಲ್ತಿದ್ದೆ.”

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ವರದಿಯಲ್ಲೂ ‘ಮನೆಯವರು ತಿಳಿಸಿಲ್ಲ’ ಅಂತ ಬರೆಯಬಹುದಿತ್ತು.

“ಇಲ್ಲಮ್ಮ. ಕಾಯಿಲೆ ಏನೇನಿದೆ ಅಂತಷ್ಟೇ ಕೇಳಿದ್ದು ನಾನು. ಆಪರೇಷನ್ ಆಗಿದೆಯಾ, ದಿನಾ ಬೇರೆ ಏನು ನುಂಗ್ತಾರೆ ಅಂತ ಕೇಳಬೇಕಿತ್ತು. ಅವತ್ತು ಸಾಲು ಉದ್ದ ಇತ್ತು, ಕೇಳಲಿಲ್ಲ. ನಿನ್ನೆ ಫೋನಲ್ಲಿ ನೀವು ಹಾರ್ಟ್ ವಾಸಿಯಾಗಿದೆ ಅಂದಾಗಲೇ ತಪ್ಪು ನಂದು ಅಂತ ನನಗೆ ಗೊತ್ತಾಯ್ತು.”

ಅವರು ಕೈ ಬಿಟ್ಟರು.

“ನಿನ್ನೆನೇ ಗೊತ್ತಾಗಿತ್ತಾ? ಹಾಗಾದ್ರೆ ರಾತ್ರಿಯೆಲ್ಲ ನನ್ನ ಯಾಕೆ ಅಳೋಕೆ ಬಿಟ್ಟೆ?”