ನಾಯಿ ಕ್ಯಾಸೆಟ್ಟಿನ ಮೂರನೇ ಹಾಡು

ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಮುನಿಕೃಷ್ಣ ವಾಕ್‌ಮನ್ನಿನಲ್ಲಿ ಟೇಪು ತಾಕುವ ಹೆಡ್ಡನ್ನು ಇನ್ನೊಮ್ಮೆ ಒರೆಸಿದ. ಹತ್ತಿಗೆ ಕೊಳೆ ಅಂಟಲಿಲ್ಲ. ನಿನ್ನೆಯೂ ಒರೆಸಿದ್ದ, ಬೆಳಿಗ್ಗೆಯೂ ಒರೆಸಿದ್ದ, ಇನ್ನೆಲ್ಲಿಂದ ಬರಬೇಕು ಕೊಳೆ? ಹೆಡ್‌ಫೋನ್ ಕಿವಿಗೇರಿಸಿ ಬಿ ಸೈಡನ್ನು ಓಡಿಸಿದ. ಎರಡನೇ ಹಾಡು ಮುಗಿಯಿತು. ಆಮೇಲೆ ಏನೂ ಇಲ್ಲ. ಟೇಪು ಸುತ್ತುತ್ತಲೇ ಇದೆ, ಸದ್ದು ಮಾತ್ರ ಇಲ್ಲ. ಇದ್ದಕ್ಕಿದ್ದಂತೆ ಗಿಟಾರುಗಳು ಮೈಮೇಲೆ ಬಿದ್ದವು.

ಹಾಗಾಗಬಾರದು. ಮೂರನೇ ಹಾಡಿನ ಗಿಟಾರಿಗೆ ಮೊದಲು ಅಲ್ಲೊಂದು ಸಣ್ಣ ಸದ್ದು ಇರಬೇಕು. ಡ್ರಮ್ಮಿನವನು ಕಂಚಿನ ತಟ್ಟೆಯ ಅಂಚನ್ನು ಕೋಲಿನ ತುದಿಯಿಂದ ಮೆಲ್ಲಗೆ ಮುಟ್ಟುತ್ತ ಕೂತಿರುವ ಸದ್ದು. ಉಳಿದವರು ಇನ್ನೂ ಬಂದಿಲ್ಲ, ಬರುತ್ತಾರೋ ಇಲ್ಲವೋ ಅವನಿಗೂ ಗೊತ್ತಿದ್ದಂತಿಲ್ಲ. ಇಡೀ ಆಲ್ಬಮ್ಮಿನಲ್ಲಿ ಮುನಿಕೃಷ್ಣನಿಗೆ ಅದಕ್ಕಿಂತ ಪ್ರಿಯವಾದದ್ದು ಇನ್ನೊಂದಿರಲಿಲ್ಲ.

"ಟೇಪು ಸವೆದೋಗೈತೆ," ಎಂದ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ರುಕ್ಮಿಣಿ ತಲೆ ಎತ್ತಿದಳು. "ಅದನ್ನ ಊರಿಗೆಲ್ಲ ಕೇಳೋ ಹಂಗೆ ಯಾಕ್ ಹೇಳ್ತೀರಾ? ಇಲ್ಲೇ ಇದ್ದೀನಲ್ಲ."

ಕರೆಂಟು ಹೋಗಿತ್ತು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ವಿದ್ಯುತ್ ಮಗ್ಗವಿಲ್ಲದ ಮನೆಯನ್ನು ದೀಪ ಹಚ್ಚಿಕೊಂಡು ಹುಡುಕಬೇಕು. ಕರೆಂಟು ಹೋದರೇ ಅಲ್ಲಿ ಸದ್ದಡಗುವುದು. ಮುನಿಕೃಷ್ಣನ ಮನೆಯ ಮುಂಭಾಗದಲ್ಲೂ ನಾಲ್ಕು ಮಗ್ಗಗಳಿದ್ದವು. ಅಪ್ಪ ಪಿಳ್ಳಣ್ಣ ಪಕ್ಕದ ಮಧುರೆ ಕಡೆಯ ತುಂಡು ಹೊಲ ಮಾರಿ ಹಾಕಿಸಿದ ಮಗ್ಗಗಳು. ಅವು ಓಡುವಾಗ ಮಾತಾಡುವುದೆಂದರೆ ಕೈಸನ್ನೆ, ತುಟಿ ನೋಡಿ ತಿಳಿದುಕೊಳ್ಳುವುದು, ಅಷ್ಟೇ. ಅಲ್ಲಿ ಹುಟ್ಟಿದ ಮಕ್ಕಳು ಮಾತು ಕಲಿಯುವ ಮೊದಲೇ ಸನ್ನೆ ಕಲಿಯುತ್ತವೆ.

ಇಂಥ ಬೀದಿಗೆ ಆ ಸಂಗೀತವನ್ನು ತಂದವನು ಉಮಾಶಂಕರ. ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅವನು ಬಿ.ಕಾಂ. ಪಾಸಾಗಿ ಬೆಂಗಳೂರಿನ ವಿಮೆ ಕಚೇರಿಗೆ ಸೇರಿದ, ಇವನು ಫೇಲಾಗಿ ಮಗ್ಗಕ್ಕೆ ನಿಂತ. ತೊಂಬತ್ತೆರಡರ ಚಳಿಗಾಲದಲ್ಲಿ ಉಮಾಶಂಕರ ಮೊದಲ ಕ್ಯಾಸೆಟ್ ತಂದ. ಕವರಿನ ಮೇಲೆ ಮುರಿದ ಛತ್ರಿ, ಒಳಗೆ ಕಿವಿಗಡಚಿಕ್ಕುವ ಗದ್ದಲ. ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ಮುನಿಕೃಷ್ಣನಿಗೆ ಮಾತ್ರ ಆ ಗದ್ದಲದೊಳಗೆ ಒಂದು ರಾಗ ನಡೆದು ಹೋಗುತ್ತಿರುವುದು ಥಟ್ಟನೆ ಕೇಳಿಸಿತು. ಗದ್ದಲದ ಒಳಗೆ ಇನ್ನೊಂದನ್ನು ಕೇಳಿಸಿಕೊಳ್ಳುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ.

ಅಲ್ಲಿಂದ ಮುಂದೆ ಬೆಂಗಳೂರಲ್ಲಿ ಉಮಾಶಂಕರ ಅಸಲಿ ಕ್ಯಾಸೆಟ್ ಕೊಳ್ಳುವುದು, ಖಾಲಿ ಟೇಪಿಗೆ ತುಂಬಿಸಿ ಇವನಿಗೆ ಕೊಡುವುದು. ಇಂಗ್ಲಿಷ್ ಹೆಸರುಗಳ ಗೋಜೇ ಬೇಡವೆಂದು ಇಬ್ಬರೂ ಕವರು ನೋಡಿ ಹೆಸರಿಟ್ಟುಕೊಂಡಿದ್ದರು. ಛತ್ರಿ ಕ್ಯಾಸೆಟ್ಟು ಶುರುವಿನಲ್ಲಿ ಪ್ರಾಣ. ಈಚೆಗೆ ಅದರಲ್ಲಿ ಹಾಡುಗಾರ ಸುಮ್ಮಸುಮ್ಮನೆ ಕಿರುಚುತ್ತಾನೆ ಅನ್ನಿಸುತ್ತಿತ್ತು. ಬೆಂಚು ಕ್ಯಾಸೆಟ್ಟಿನಲ್ಲಿ ಒಬ್ಬಳು ಹೆಣ್ಣುಮಗಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಗಂಡನನ್ನು ಬೈಯುವವಳ ಹಾಗೆ ಹಾಡುತ್ತಿದ್ದಳು. ಮಾತು ಅರ್ಧಕ್ಕರ್ಧ ತಿಳಿಯದಿದ್ದರೂ ತಪ್ಪು ಗಂಡನದೇ ಎಂದು ಮುನಿಕೃಷ್ಣ ತೀರ್ಮಾನಿಸಿದ್ದ. ಅದೇ ತಂಡದ ಮುಂದಿನ ಆಲ್ಬಮ್ಮು ಅವನಿಗೆ ಹಿಡಿಸಲಿಲ್ಲ. ಪಾಲಿಷು ಹೆಚ್ಚಾಯಿತು, ಮದುವೆಗೆ ಬಾಡಿಗೆ ಕೋಟು ಹಾಕಿಕೊಂಡವರ ಹಾಗೆ ಹಾಡುತ್ತಾರೆ ಎಂದು ಉಮಾಶಂಕರನೊಡನೆ ಒಂದಿಡೀ ಭಾನುವಾರ ಜಗಳವಾಡಿದ್ದ.

ನಾಯಿ ಕ್ಯಾಸೆಟ್ಟು ಮಾತ್ರ ಯಾವ ಜಗಳಕ್ಕೂ ಸಿಕ್ಕಲಿಲ್ಲ. ಕವರಿನ ಮೇಲೆ ರಸ್ತೆ ಮಧ್ಯೆ ಮಲಗಿದ ಒಂದು ನಾಯಿ. ಇಂಗ್ಲೆಂಡಿನ ಯಾವುದೋ ಗಿರಣಿ ಊರಿನ ನಾಲ್ವರು ಹುಡುಗರು. ಆ ಹಾಡುಗಾರ ಅಳುವವನೂ ಅಲ್ಲ, ಕುಣಿಯುವವನೂ ಅಲ್ಲ. ಸುಮ್ಮನೆ ದಣಿದವನು, ದಣಿದಿದ್ದೇನೆ ಎಂದು ಹೇಳಿಕೊಳ್ಳಲು ನಾಚದವನು. ಹತ್ತು ತಾಸು ಮಗ್ಗದ ಮುಂದೆ ನಿಂತು ಕಾಲು ಊದಿಸಿಕೊಂಡ ಮುನಿಕೃಷ್ಣನಿಗೆ ಜಗತ್ತಿನಲ್ಲಿ ತನ್ನ ಪರವಾಗಿ ಮಾತಾಡಿದವನು ಅವನೊಬ್ಬನೇ ಎನ್ನಿಸಿತ್ತು. ಅವನ ಹಾಡಿನಿಂದ ಒಂದು ಸದ್ದು ಕಳೆದುಹೋದರೂ ಬದುಕಿನಿಂದ ಏನೋ ಕಿತ್ತುಕೊಂಡಂತೆ. ಅದಕ್ಕೇ ಮುನಿಕೃಷ್ಣ ಉಮಾಶಂಕರನಿಗೆ ಫೋನು ಮಾಡಿಸಿ, ಅಸಲಿ ಕ್ಯಾಸೆಟ್ಟನ್ನು ತರಲೇಬೇಕೆಂದು ಹೇಳಿ ಕಳಿಸಿದ.

ಭಾನುವಾರ ಉಮಾಶಂಕರ ಬಂದ. ತಲೆಗೂದಲು ತೆಳ್ಳಗಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು. "ಗುರು, ನಾನೀಗ ಸೀಡಿಗೆ ಹೋಗ್ಬಿಟ್ಟೆ. ನೀನಿನ್ನೂ ಈ ರೀಲು ಸುತ್ಕೊಂಡಿದ್ದೀಯಲ್ಲೋ," ಎನ್ನುತ್ತ ಕ್ಯಾಸೆಟ್ ಕೊಟ್ಟ. ವಾರದ ರಜೆಯಾದ್ದರಿಂದ ಬೀದಿಯ ಮಗ್ಗಗಳು ನಿಂತಿದ್ದವು. ದೊಡ್ಡ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಇಬ್ಬರೂ ಎದುರುಬದುರು ಕೂತರು.

ಎರಡನೇ ಹಾಡು ಮುಗಿಯಿತು. ಮುನಿಕೃಷ್ಣ ಉಸಿರು ಹಿಡಿದ. ಏನೂ ಇಲ್ಲ.

"ಇದೂ ಸವೆದೋಗೈತಲ್ಲೋ," ಎಂದ.

"ಶ್," ಎಂದ ಉಮಾಶಂಕರ, ಕಣ್ಣು ಮುಚ್ಚಿಕೊಂಡೇ. "ಬರ್ತಾ ಐತಲ್ಲ, ಕೇಳು. ನಿನ್ನ ತಟ್ಟೆ."

ಗಿಟಾರುಗಳು ಬಿದ್ದವು. ಉಮಾಶಂಕರ ಕಣ್ಣು ಬಿಟ್ಟು ಸ್ನೇಹಿತನ ಮುಖ ನೋಡಿದ. ಏನು ಕಂಡನೋ, ಟೇಪು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಇನ್ನೊಮ್ಮೆ ಹಾಕಿದ. ಈ ಸಲ ಕಣ್ಣು ಮುಚ್ಚಲಿಲ್ಲ.

"ಕೇಳಿಸ್ತಾ ಐತೇನೋ?"

"ಕೇಳಿಸ್ದೆ ಏನು," ಎಂದ ಮುನಿಕೃಷ್ಣ. "ಸಣ್ಣಗೆ ಐತೆ."

"ಮುನಿ, ಒಂದಿನ ಬೆಂಗಳೂರಿಗೆ ಬಾ. ಡಾಕ್ಟ್ರಿಗೆ ತೋರ್ಸೋಣ."

"ನಿನ್ನ ಟೇಪ್ ಸರಿ ಇಲ್ಲ ಅಂದ್ರೆ ನಂಗೆ ಡಾಕ್ಟ್ರಾ?" ಎಂದು ಮುನಿಕೃಷ್ಣ ನಕ್ಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಬೇರೆ ದಿನವಾಗಿದ್ದರೆ ಉಮಾಶಂಕರ ಬಿಡದೆ ಹೇಳುತ್ತಿದ್ದ. ಅಂದು ಹೇಳಲಿಲ್ಲ. ಅದರಿಂದ ಮುನಿಕೃಷ್ಣನಿಗೆ ಹೆಚ್ಚು ನೋವಾಯಿತು. ಕಾಫಿ ಕುಡಿದು, ಅಸಲಿ ಕ್ಯಾಸೆಟ್ಟನ್ನು ಇಲ್ಲೇ ಇಟ್ಕೋ ಎಂದು ಹೇಳಿ ಉಮಾಶಂಕರ ಬಸ್ಸು ಹತ್ತಿದ.

ಜಗಲಿಯ ಮೇಲೆ ಪಿಳ್ಳಣ್ಣ ಬೀಡಿ ಸೇದುತ್ತ ಕೂತಿದ್ದ. ಅವನಿಗೆ ಕಿವಿ ಹೋಗಿ ಎಷ್ಟೋ ಕಾಲವಾಗಿತ್ತು. ಬೀದಿಯ ಮುದುಕರಿಗೆಲ್ಲ ಹಾಗೇ, ಅದಕ್ಕೆ ಮಗ್ಗದ ಕಿವಿ ಎಂದು ಹೆಸರು. ಮುನಿಕೃಷ್ಣ ಎದುರು ಕೂತು, ತುಟಿಯಲ್ಲೇ ಕೇಳಿದ: ನಿಂಗೆ ಹೆಂಗೆ ಶುರುವಾಯ್ತಪ್ಪಾ?

ಪಿಳ್ಳಣ್ಣ ಮಗನನ್ನು ಒಂದು ಗಳಿಗೆ ನೋಡಿದ. ಯಾಕೆ ಎಂದು ಕೇಳಲಿಲ್ಲ. "ಮೊದ್ಲು ಗುಬ್ಬಿ ಹೋಯ್ತು," ಎಂದ, ಕಿವುಡರ ದೊಡ್ಡ ದನಿಯಲ್ಲಿ. "ಗುಬ್ಬಿ ಎಲ್ಲ ಎಲ್ಲೋದ್ವು ಅಂತ ಕೇಳ್ತಿದ್ದೆ. ತೊಲೆ ಮೇಲೇ ಕೂತಿರ್ತಿದ್ವು. ಆಮೇಲೆ ಗೆಜ್ಜೆ. ಆಮೇಲೆ ನಿಮ್ಮವ್ವನ ದನಿ." ಬೀಡಿ ಎಳೆದ. "ನಿಮ್ಮವ್ವ ಹೋಗಿದ್ದು ಒಂದು ತರಾ ಆರಾಮಾಯ್ತು ಅನ್ನು." ನಗಿಸಲು ಹೇಳಿದ್ದು. ಇಬ್ಬರೂ ನಗಲಿಲ್ಲ.

ತನಗೆ ಹಾಗಾಗುವುದಿಲ್ಲ ಎಂದೇ ಮುನಿಕೃಷ್ಣ ನಂಬಿದ್ದ. ಅದಕ್ಕೆ ಕಾರಣವೂ ಇತ್ತು. ಐದು ವರ್ಷದಿಂದ ಅವನು ಹೆಡ್‌ಫೋನ್ ಹಾಕಿಕೊಂಡೇ ಮಗ್ಗ ನಡೆಸುತ್ತಿದ್ದ. ಮಗ್ಗದ ಸದ್ದು ಒಳಗೆ ಬರದಿರಲೆಂದು ವಾಲ್ಯೂಮನ್ನು ತುದಿಯವರೆಗೆ ತಿರುಗಿಸುತ್ತಿದ್ದ. ಅಪ್ಪನ ಕಾಲದವರು ಪೆದ್ದರು, ಬರಿಗಿವಿಯಲ್ಲಿ ನಿಂತು ಕೆಟ್ಟರು, ತನ್ನ ಕಿವಿಗೆ ಹಾಡಿನ ಕಾವಲಿದೆ ಎಂದುಕೊಂಡಿದ್ದ. ಈಗ ಲೆಕ್ಕ ಹಾಕಿದರೆ, ಮಗ್ಗಕ್ಕಿಂತ ಜೋರಾಗಿ ಕಿವಿಯೊಳಗೇ ಬಡಿದವರು ಆ ನಾಲ್ವರು ಹುಡುಗರು. ಕಾವಲಿಗೆ ಇಟ್ಟವರೇ ಗಂಟು ಹೊತ್ತುಕೊಂಡು ಹೋಗಿದ್ದರು. ಯಾರ ಮೇಲೂ ಸಿಟ್ಟು ಬರಲಿಲ್ಲ, ಅದಕ್ಕೂ ಶಕ್ತಿ ಬೇಕು. ಇಂದು ತಟ್ಟೆ ಹೋಯಿತು. ನಾಳೆ ಹಾಡುಗಾರನ ಉಸಿರು ಹೋಗುತ್ತದೆ, ಆಮೇಲೆ ಅವನ ಮಾತು, ಕೊನೆಗೆ ಗಿಟಾರಿನ ಗುಡುಗು ಮಾತ್ರ ಉಳಿದು ಅದೂ ಮಗ್ಗದ ಹಾಗೆಯೇ ಕೇಳಿಸುತ್ತದೆ. ಅವನಿಗಿನ್ನೂ ಮೂವತ್ತೆರಡು.

ಮರುದಿನ ಸಂಜೆ ಕರೆಂಟು ಹೋದಾಗ ಅವನು ವಾಕ್‌ಮನ್ ಹಿಡಿದು ಹಿತ್ತಲಿಗೆ ಹೋದ. ರುಕ್ಮಿಣಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವಳು ಈ ಹಾಡುಗಳನ್ನು ಒಂದು ದಿನವೂ ಕೂತು ಕೇಳಿದವಳಲ್ಲ. ಇರೋ ಮಗ್ಗ ಸಾಲ್ದು ಅಂತ ಇನ್ನೊಂದು ಮಗ್ಗವೇ ಎಂದು ಹಂಗಿಸುವವಳು.

"ಇದನ್ನ ಹಾಕ್ಕೊ. ಒಂದು ಹಾಡು ಮುಗಿದ್ಮೇಲೆ ಏನ್ ಕೇಳಿಸ್ತದೆ ನಂಗೆ ಹೇಳು."

"ನಂಗಾ? ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ," ಎಂದವಳು ಗಂಡನ ಮುಖ ನೋಡಿ ಬಟ್ಟೆ ಕೆಳಗಿಟ್ಟಳು. ಹೆಡ್‌ಫೋನನ್ನು ಅವನೇ ಅವಳ ತಲೆಗೆ ಏರಿಸಿ, ಜಡೆ ಸರಿಸಿ, ವಾಲ್ಯೂಮನ್ನು ತುಂಬ ಕೆಳಕ್ಕೆ ಇಳಿಸಿದ. ವಾಕ್‌ಮನ್ನಿನ ಕಿಂಡಿಯಲ್ಲಿ ಟೇಪು ಸುತ್ತುವುದನ್ನೇ ನೋಡುತ್ತ ಕೂತ.

"ಮುಗೀತು ಹಾಡು," ಎಂದಳು. "ಇರಿ. ಯಾರೋ ಏನೋ ತಟ್ತಾ ಅವ್ರೆ. ಸಣ್ಣಗೆ. ತಪ್ಪಲೆ ಮುಚ್ಚಳದ ಮೇಲೆ ಹನಿ ಬಿದ್ದಂಗೆ." ಹುಬ್ಬು ಗಂಟಾಯಿತು. "ಪಾಪ, ಒಬ್ನೇ ತಟ್ತಾ ಅವ್ನೆ. ಯಾರ್ಗೋ ಕಾಯ್ತಿರೋ ಹಂಗೆ."

ಮುನಿಕೃಷ್ಣ ಟೇಪಿನಿಂದ ಕಣ್ಣೆತ್ತಿ ಅವಳ ಮುಖ ನೋಡಿದ. ಗಿಟಾರು ಬಂದದ್ದು ಅವಳ ಮುಖ ಹಿಂಡಿದ್ದರಲ್ಲೇ ತಿಳಿಯಿತು.

"ಇನ್ನೊಂದ್ಸಲ ಹಾಕ್ಲಾ?" ಎಂದು ಕೇಳಿದ. ಬೇಡವೆಂದರೆ ಒತ್ತಾಯಿಸುವ ಧೈರ್ಯ ಅವನಿಗಿರಲಿಲ್ಲ.

ಅವಳು ಬೇಡವೆನ್ನಲಿಲ್ಲ. ಅವನು ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಅಷ್ಟರಲ್ಲಿ ಕರೆಂಟು ಬಂತು. ಬೀದಿಯ ಆ ತುದಿಯಿಂದ ಒಂದು ಮಗ್ಗ, ಅದರ ಪಕ್ಕದ್ದು, ಅದರಾಚೆಯದು, ನೋಡನೋಡುತ್ತ ಬೀದಿಗೆ ಬೀದಿಯೇ ಬಡಿಯತೊಡಗಿತು. ಮಗ್ಗ ಹಾಕಲು ಮುನಿಕೃಷ್ಣ ಎದ್ದ. ರುಕ್ಮಿಣಿ ಹೆಡ್‌ಫೋನನ್ನು ಒಂದು ಕೈಯಿಂದ ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈ ಎತ್ತಿ, ಸ್ವಲ್ಪ ತಾಳಿ ಎಂದು ಸನ್ನೆ ಮಾಡಿದಳು. ಅವಳ ತುಟಿ ಅಲುಗಿತು. ಇನ್ನೂ ತಟ್ತಾ ಅವ್ನೆ, ಎಂದು ಅವನು ಓದಿಕೊಂಡ.